ಕಾಕಾನ ರಕ್ತದ ರಿಪೋರ್ಟು

ಕಾಕಾ ಬೆಳಿಗ್ಗೆ ಏಳುವಾಗಲೇ ಬಲಗೈ ಸೋತಿತ್ತು, ಮಾತು ತೊದಲುತ್ತಿತ್ತು. ಓಣಿಯವರು ಲಕ್ವಾಕ್ಕೆ ಔಷಧಿ ಕೊಡುವವರ ಊರು ಹೇಳಲು ಶುರು ಮಾಡಿದರು. ನಾವು ಸೀದಾ ಕಲಬುರಗಿಗೆ ಗಾಡಿ ಹೊಡೆದೆವು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ವಾ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಿದ್ದೆಯಲ್ಲಿ ಯಾವಾಗ ಹೊಡೆಯಿತೋ ಯಾರಿಗೆ ಗೊತ್ತು? ಅದು ತಪ್ಪಿತು. ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ.

ಎಂಆರ್‌ಐ ಜೊತೆ ರಕ್ತನಾಳದ ಚಿತ್ರವನ್ನೂ ತೆಗೆದರು. ಡಾಕ್ಟರು ಪೆನ್ನಿನ ತುದಿ ಇಟ್ಟು ತೋರಿಸಿದರು. ಮಿದುಳಿನ ಎಡಭಾಗಕ್ಕೆ ಹೋಗುವ ದೊಡ್ಡ ನಾಳ ಬಿಳಿ ಗೆರೆಯಾಗಿ ಬಂದು, ಒಂದು ಕಡೆ ದಾರದಷ್ಟು ಸಣ್ಣಗಾಗಿ, ಮತ್ತೆ ದಪ್ಪಗಾಗಿತ್ತು. ಅಲ್ಲಿ ಗೋಡೆಯೊಳಗೆ ಕೊಬ್ಬು ಕಟ್ಟಿಕೊಂಡಿದೆ, ಅದೇ ಪ್ಲಾಕ್. ಮಿದುಳಿನ ಒಳಗಿನ ನಾಳಗಳಲ್ಲಿ ಹೀಗಾಗುವುದು ಏಷ್ಯಾದವರಲ್ಲಿ ಜಾಸ್ತಿಯಂತೆ.

ಕಾಕಿ ಬಿಡಲಿಲ್ಲ. "ಮೊನ್ನೆ ರಕ್ತ ತೋರ್ಸಿದ್ದೆವಲ್ರೀ, ಸಕ್ರಿ ಇಲ್ಲಂದ್ರು. ಇದು ಯಾಕ ಕಾಣಲಿಲ್ಲ?"

ಸರಿಯಾದ ಪ್ರಶ್ನೆಯೇ. ಪ್ಲಾಕ್ ಎಲ್ಲಿದೆ ಅಂತ ರಕ್ತ ಹೇಳುವುದಿಲ್ಲ, ಅದಕ್ಕೆ ಸ್ಕ್ಯಾನೇ ಬೇಕು. ಅದನ್ನು ಬೆಳೆಸುತ್ತಿರುವುದು ಏನಿರಬಹುದು ಅನ್ನೋ ಸುಳಿವು ಮಾತ್ರ ರಕ್ತದಲ್ಲಿ ಸಿಗುತ್ತದೆ, ಅಂದರು ಡಾಕ್ಟರು.

ಹೊಸ ರಿಪೋರ್ಟಿನಲ್ಲಿ ಸಿಆರ್‌ಪಿ ದಪ್ಪ ಅಕ್ಷರದಲ್ಲಿತ್ತು. ನಾವೆಲ್ಲ ಅದರ ಮೇಲೇ ಬಿದ್ದೆವು. ಡಾಕ್ಟರು ಮಾತ್ರ ಅದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಉರಿಯೂತ ಇದ್ದರೆ ಅದು ಏರುತ್ತದೆ, ನಿಜ. ಆದರೆ ಸೋಂಕಿಗೂ ಏರುತ್ತದೆ, ಸ್ಟ್ರೋಕ್ ಆದ ಮೇಲೂ ಏರುತ್ತದೆ. ಕಾಕಾನಿಗೆ ಆಗ ಕೆಮ್ಮು, ಜ್ವರ ಬೇರೆ. ಬಿ12 ವಿಟಮಿನ್ ಕಡಿಮೆ, ಅದು ಕಡಿಮೆಯಾದರೆ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಜಾಸ್ತಿ. ಬಿ12 ಇಂಜೆಕ್ಷನ್ ಬರೆದರು, ಅದರಿಂದ ಇನ್ನೊಂದು ಸ್ಟ್ರೋಕ್ ತಪ್ಪುತ್ತದೆ ಅಂತ ಮಾತು ಕೊಡಲಿಲ್ಲ.

ಅವರು ಗೆರೆ ಎಳೆದದ್ದು ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ 118ರ ಕೆಳಗೆ. ಲ್ಯಾಬಿನವರು ಅದಕ್ಕೆ ಒಂದು ಚುಕ್ಕಿಯನ್ನೂ ಹಾಕಿರಲಿಲ್ಲ! ಪ್ಲಾಕ್‌ನಿಂದ ಸ್ಟ್ರೋಕ್ ಆದವರಿಗೆ ಅದು 70ಕ್ಕಿಂತ ಕೆಳಗಿರಬೇಕಂತೆ. ಅದನ್ನು ಇಳಿಸುವ ಗುಳಿಗೆ ಸ್ಟ್ಯಾಟಿನ್ ಶುರುವಾಯಿತು. ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ. ತಂಬಾಕು ಬಂದ್. ಇದಕ್ಕೆ ಮಾತ್ರ ಕಾಕಾ ಮುಖ ಗಂಟಿಕ್ಕಿದ.

ಮೂರು ತಿಂಗಳಾದ ಮೇಲೆ ಎಲ್‌ಡಿಎಲ್ 62. ಕಾಕಾ ತಾನೇ ರೊಟ್ಟಿ ಮುರಿದು ತಿನ್ನುತ್ತಿದ್ದ, ಹೆಬ್ಬೆರಳು ಇನ್ನೂ ಸ್ವಲ್ಪ ಜಡ.

"ಕಡಿಮಿ ಆಗ್ಯದಲ್ರೀ, ಗುಳಿಗಿ ಬಿಡ್ಲೇನ್?"

"ಗುಳಿಗೆ ತಗೊಂಡಿದ್ದಕ್ಕೇ 62 ಆಗಿದೆ ಯಜಮಾನ್ರೇ," ಅಂದು ಡಾಕ್ಟರು ಕ್ಲೋಪಿಡೋಗ್ರೆಲ್ ಒಂದನ್ನೇ ಹೊಡೆದುಹಾಕಿದರು. ಒಂದಾದರೂ ಬಿಡಿಸಿದೆನಲ್ಲ ಅಂತ ಕಾಕಾ ಕಾಕಿ ಕಡೆ ನೋಡಿ ಹುಬ್ಬು ಏರಿಸಿದ.