ಪ್ಯಾಲೆಟ್ ಮಗುಚಿ ನೋಡದೆ ದುಡ್ಡು ಕೊಡಬೇಡಿ

ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಘಟಕದಲ್ಲಿ ನಾನು ಸ್ಟೋರ್ಸ್ ಮತ್ತು ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ರ‍್ಯಾಕಿನ ಎರಡನೇ ಅಂತಸ್ತಿನಿಂದ 'ಟಪ್' ಅಂತ ಸದ್ದು ಬಂತು. ತಲೆ ಎತ್ತಿ ನೋಡಿದರೆ ಒಂದು ಪ್ಯಾಲೆಟ್, ಅಂದರೆ ಮಾಲು ಪೇರಿಸಿಡುವ ಮರದ ಮಣೆ, ನಡುವೆ ಬಾಗಿ ನಿಂತಿದೆ. ಅದರ ಮೇಲೆ ಸುಮಾರು 700 ಕಿಲೋ ಮಾಲು. ಕೆಳಗಿನ ದಾರಿಯಲ್ಲಿ ಇಬ್ಬರು ಹುಡುಗರು ಪ್ಯಾಕಿಂಗ್ ಮಾಡುತ್ತಿದ್ದರು.

ಅವರನ್ನು ಆಚೆ ಕಳಿಸಿ, ಹಗ್ಗ ಕಟ್ಟಿ ದಾರಿ ಮುಚ್ಚಿದೆವು. ನಮ್ಮ ಫೋರ್ಕ್‌ಲಿಫ್ಟ್ ಆಪರೇಟರ್ ಅಣ್ಣ ಮೆಲ್ಲಗೆ, ಇಂಚು ಇಂಚಾಗಿ ಅದನ್ನು ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹದಿನೈದು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಆ ಪ್ಯಾಲೆಟ್ ಕೊಂಡವಳು ನಾನೇ.

ಹಳೇ ಪ್ಯಾಲೆಟ್ 200 ಬೇಕಿತ್ತು. ಇಬ್ಬರು ಡೀಲರ್‌ಗಳ ರೇಟು ತಂದೆ. ಒಂದಕ್ಕೆ 80 ರೂಪಾಯಿ ಕಮ್ಮಿ, ಅಂದರೆ ಒಟ್ಟು 16,000 ಉಳಿತಾಯ. 'ಎಲ್ಲಾ ಎ ಗ್ರೇಡ್ ಮೇಡಮ್' ಅಂದರು. ಗೋದಾಮಿಗೆ ಹೋಗಿ ಸಾಲಾಗಿ ಪೇರಿಸಿದ್ದನ್ನು ನೋಡಿದೆ. ಮೇಲಿನ ಹಲಗೆಗಳು ಚೆನ್ನಾಗೇ ಇದ್ದವು. ಆರ್ಡರ್ ಕೊಟ್ಟೆ. ಲಾರಿ ಬಂದ ದಿನವೇ ಆಪರೇಟರ್ ಅಣ್ಣ ಹೇಳಿದ್ದರು, 'ಮೇಡಮ್, ಇವು ನೆಲಕ್ಕೆ ಆಗ್ತವೆ, ಮೇಲಕ್ಕೆ ಬೇಡ' ಅಂತ. ತಿಂಗಳ ಕೊನೆಯ ಗಡಿಬಿಡಿಯಲ್ಲಿ ನಾನು ಕೇಳಿಸಿಕೊಳ್ಳಲಿಲ್ಲ.

ಇಳಿಸಿದ ಪ್ಯಾಲೆಟ್ಟನ್ನು ಮಗುಚಿ ಹಾಕಿದಾಗ ಎಲ್ಲಾ ಗೊತ್ತಾಯಿತು. ಅದು ಅಮೆರಿಕದ 48 ಇಂಚು, 40 ಇಂಚಿನ ಸೈಜು. ಇಂಥ ಪ್ಯಾಲೆಟ್ಟಿನಲ್ಲಿ ಹಲಗೆಗಳ ಕೆಳಗೆ ಉದ್ದಕ್ಕೆ ಮೂರು ದಪ್ಪ ಮರದ ಪಟ್ಟಿ ಇರುತ್ತವೆ. ಇವಕ್ಕೆ ಸ್ಟ್ರಿಂಗರ್ ಅನ್ನುತ್ತಾರೆ. ಭಾರ ಹೊರುವುದು ಇವೇ. ಪಕ್ಕದಿಂದಲೂ ಫೋರ್ಕ್ ತೂರಲಿ ಅಂತ ಇವುಗಳ ಅಡಿಯಲ್ಲಿ ಎರಡು ಕಡೆ ಕಚ್ಚು ಹಾಕಿರುತ್ತಾರೆ. ಅಲ್ಲಿ ಮರ ತೆಳ್ಳಗಾಗುವುದರಿಂದ ಸಾಮಾನ್ಯವಾಗಿ ಬಿರುಕು ಆ ಕಚ್ಚಿನ ಮೂಲೆಯಲ್ಲೇ ಶುರುವಾಗುತ್ತದೆ. ನಮ್ಮದರಲ್ಲೂ ಅಲ್ಲೇ ಬಿಟ್ಟಿತ್ತು. ಅದೂ ಹೊಸ ಬಿರುಕಲ್ಲ, ಒಳಗೆ ಧೂಳು ಕೂತು ಕಪ್ಪಾಗಿತ್ತು. ಇನ್ನೊಂದು ಸ್ಟ್ರಿಂಗರ್ ಮೊದಲೇ ಸೀಳಿದ್ದು, ಪಕ್ಕಕ್ಕೆ ಒಂದು ಮರದ ತುಂಡು ಹೊಡೆದು ನಿಲ್ಲಿಸಿದ್ದರು.

ಹಾಗೆ ಪಕ್ಕಕ್ಕೆ ಜೋಡಿ ತುಂಡು ಹೊಡೆಯುವುದು ಮೋಸವಲ್ಲ, ಅದೊಂದು ಮಾಮೂಲಿ ರಿಪೇರಿ. ಆದರೆ ಹಾಗೆ ರಿಪೇರಿಯಾದದ್ದನ್ನು ಅಮೆರಿಕದ ವ್ಯಾಪಾರದಲ್ಲಿ ಬಿ ಗ್ರೇಡ್ ಅಂತಲೇ ಮಾರುತ್ತಾರೆ. ನಮ್ಮ ಕಡೆ ಗ್ರೇಡ್ ಅನ್ನುವುದು ಮಾರುವವರ ಬಾಯಿ ಮಾತು. ಒಬ್ಬರ ಎ, ಇನ್ನೊಬ್ಬರ ಬಿ. ಅದಕ್ಕೇ ಈಗ ನಾನು ಗ್ರೇಡ್ ಕೇಳುವುದನ್ನೇ ಬಿಟ್ಟಿದ್ದೇನೆ. 'ಇದು ರ‍್ಯಾಕಿಗೆ ಹೋಗತ್ತಾ, ನೆಲದಲ್ಲಿ ಇರತ್ತಾ, ಹಡಗು ಹತ್ತತ್ತಾ?' ಅಂತ ಮೊದಲು ನಮ್ಮವರನ್ನೇ ಕೇಳುತ್ತೇನೆ.

ನೆಲದ ಮೇಲಿರುವಾಗ ಪ್ಯಾಲೆಟ್ಟಿನ ಅಡಿ ಪೂರ್ತಿ ನೆಲ ಆಸರೆ ಕೊಡುತ್ತದೆ. ಸ್ವಲ್ಪ ಸೀಳಿದ್ದರೂ ನಡೆದೀತು. ರ‍್ಯಾಕಿನಲ್ಲಿ ಹಾಗಲ್ಲ. ಹಿಂದೊಂದು, ಮುಂದೊಂದು ಬೀಮು, ನಡುವೆ ಬರೀ ಗಾಳಿ. ಸ್ಟ್ರಿಂಗರ್‌ಗಳು ಒಂದು ಬೀಮಿನಿಂದ ಇನ್ನೊಂದಕ್ಕೆ ಸೇತುವೆ ಥರ ಕೂರಬೇಕು. ಅಡ್ಡ ತಿರುಗಿಸಿ ಇಟ್ಟರೆ ಭಾರವೆಲ್ಲ ತೆಳು ಹಲಗೆಗಳ ಮೇಲೆ ಬೀಳುತ್ತದೆ. ಹಾಗಾಗಿ ನೆಲದಲ್ಲಿ ಇಷ್ಟು ಕಿಲೋ ಹೊತ್ತಿದೆ ಅನ್ನುವ ಲೆಕ್ಕ ರ‍್ಯಾಕಿಗೆ ಬರುವುದಿಲ್ಲ. ಸ್ಟೋರ್ಸಿಗೆ ಹೊಸದಾಗಿ ಬಂದವರಿಗೆ ನಾನು ಮೊದಲ ದಿನ ಹೇಳುವುದು ಇದನ್ನೇ.

ಯುರೋಪಿನಿಂದ ಮೆಷಿನ್ ಜೊತೆ ಬರುವ ಇಪಿಎಎಲ್ (ಅಲ್ಲಿನ ಪ್ಯಾಲೆಟ್ ಸಂಘ) ಪ್ಯಾಲೆಟ್ ಸಿಕ್ಕರೆ ಒಳ್ಳೆಯದು. 1200×800 ಮಿಲಿಮೀಟರ್, 78 ಮೊಳೆ, 1500 ಕಿಲೋ ಹೊರುವಂತೆ ಮಾಡಿದ್ದು. ಮೂಲೆಯ ಬ್ಲಾಕುಗಳ ಮೇಲೆ ಸುಟ್ಟು ಒತ್ತಿದ ಗುರುತು ಇರುತ್ತದೆ. ಅವರ ನಿಯಮ ನನಗೆ ತುಂಬಾ ಉಪಯೋಗಕ್ಕೆ ಬಂತು: ಹಲಗೆ ಇಲ್ಲದಿದ್ದರೆ, ಅಡ್ಡಕ್ಕೆ ಮುರಿದಿದ್ದರೆ, ಸಿಗುರು ಎದ್ದು ಮೊಳೆಗಳ ಮೈ ಕಾಣುತ್ತಿದ್ದರೆ, ರಿಪೇರಿ ಆಗುವ ತನಕ ಬಳಸುವ ಹಾಗಿಲ್ಲ. ಬೇರೆ ಪ್ಯಾಲೆಟ್‌ಗೂ ನಾವು ಇದನ್ನೇ ಹಿಡಿದುಕೊಂಡಿದ್ದೇವೆ. ಒಂದು ತೊಂದರೆ ಇದೆ. ನಮ್ಮ ಪೆಟ್ಟಿಗೆಗಳು 1200×1000ಕ್ಕೆ ಲೆಕ್ಕ ಹಾಕಿದವು. 800 ಅಗಲದ ಮೇಲಿಟ್ಟರೆ ಹೊರಚಾಚುತ್ತವೆ. ರಟ್ಟಿನ ಪೆಟ್ಟಿಗೆಯ ಶಕ್ತಿ ಇರುವುದು ಅದರ ಅಂಚು, ಮೂಲೆಗಳಲ್ಲಿ. ಮೂಲೆಗೇ ಆಸರೆ ಇಲ್ಲದಿದ್ದರೆ ಕೆಳಗಿನ ಸಾಲು ಕುಸಿಯುತ್ತದೆ. ಆದ್ದರಿಂದ ಎಷ್ಟು ಗಟ್ಟಿ ಇದ್ದರೂ ಸೈಜು ಹೊಂದದ್ದನ್ನು ನಾನು ತೆಗೆದುಕೊಳ್ಳುವುದಿಲ್ಲ.

ಮೊಳೆಯನ್ನೂ ನೋಡಬೇಕು. ತಿರುಚಿದ ಮೊಳೆ ಮರವನ್ನು ಕಚ್ಚಿಕೊಂಡಿರುತ್ತದೆ. ನುಣುಪಾದ ಮೊಳೆ ನಾಲ್ಕು ಸಲ ಫೋರ್ಕ್ ತಾಗಿದರೆ ಮೇಲೇಳುತ್ತದೆ. ಚೀಲದ ಮಾಲು ಇಡುವವರಿಗಂತೂ ಎದ್ದ ಒಂದೇ ಮೊಳೆ ಸಾಕು, ಚೀಲ ಹರಿಯಲು.

ಮಳೆಗಾಲದ ಮಾತು ಬೇರೆಯೇ. ಬಯಲಲ್ಲಿ ಪೇರಿಸಿಟ್ಟ ಪ್ಯಾಲೆಟ್ ಜುಲೈನಲ್ಲಿ ತಂದರೆ, ಒಣಗಿದ ಹಾಗೆ ಕಂಡರೂ ಒಳಗೆ ನೀರಿರುತ್ತದೆ. ನಮ್ಮಲ್ಲಿ ಒಂದು ಸಲ ಆ ತೇವ ಪೆಟ್ಟಿಗೆಯ ತಳಕ್ಕೆ ಏರಿ, ಮೆಷಿನಿಂಗ್ ಆದ ಬಿಡಿಭಾಗಗಳಿಗೆ ತುಕ್ಕು ಹಿಡಿಯಿತು. ಗಿರಾಕಿಯಿಂದ ಮಾಲು ವಾಪಸ್ ಬಂದ ಮೇಲೆ ನಾವು ತೇವ ಅಳೆಯುವ ಮೀಟರ್ ಕೊಂಡೆವು. 20 ಶೇಕಡಾ ಮೀರಿದರೆ ಬೂಷ್ಟು ಬೆಳೆಯಲು ಅನುಕೂಲ. ಅಂಥದ್ದನ್ನು ಒಳಗೇ ಬಿಡುವುದಿಲ್ಲ. ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆ ಹುಳು ಇದೆ ಅಂತಲೇ ಅರ್ಥ. ಆಹಾರ ಪದಾರ್ಥದ ವ್ಯಾಪಾರ ಮಾಡುವವರು ದಯವಿಟ್ಟು ಮೂಸಿಯೂ ನೋಡಿ. ಹಿಂದೆ ಅದರ ಮೇಲೆ ಏನು ಚೆಲ್ಲಿತ್ತೋ ಯಾರಿಗೆ ಗೊತ್ತು, ಅಲ್ವಾ? ಎಣ್ಣೆ ಕಲೆ, ಬಣ್ಣದ ಕಲೆ, ಘಾಟು ವಾಸನೆ ಇದ್ದರೆ ಬಿಟ್ಟುಬಿಡಿ.

ಹೊರದೇಶಕ್ಕೆ ಹೋಗುವ ಪ್ಯಾಲೆಟ್ಟಿಗೆ ಐಎಸ್‌ಪಿಎಂ 15 ಅನ್ನುವ ಅಂತರರಾಷ್ಟ್ರೀಯ ನಿಯಮ ಇದೆ, 2002ರಲ್ಲಿ ಬಂದದ್ದು. ಮರದ ಜೊತೆ ಕೀಟಗಳು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಾರದು ಅನ್ನುವುದು ಅದರ ಉದ್ದೇಶ. ಏಷ್ಯಾದ ಉದ್ದ ಮೀಸೆಯ ದುಂಬಿ ಪ್ಯಾಕಿಂಗ್ ಮರದಲ್ಲಿ ಅಮೆರಿಕ ಸೇರಿತ್ತು. 1996ರಲ್ಲಿ ನ್ಯೂಯಾರ್ಕಿನಲ್ಲಿ ಪತ್ತೆಯಾಗುವಷ್ಟರಲ್ಲಿ ಅದು ಅಲ್ಲಿನ ಮರಗಳನ್ನು ಕೊರೆಯುತ್ತಿತ್ತು. ಕೀಟ ಸಾಯುವಂತೆ ಉಪಚಾರ ಮಾಡಿದ ಮರಕ್ಕೆ ಹಾಕುವ ಸೀಲಿನಲ್ಲಿ ತೆನೆಯ ಚಿತ್ರ, ಐಪಿಪಿಸಿ (ಸಸ್ಯ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ಅಕ್ಷರ, ದೇಶದ ಎರಡಕ್ಷರ, ಮಾಡಿದವರ ನಂಬರ್, ಆಮೇಲೆ ಸಾಮಾನ್ಯವಾಗಿ ಎಚ್‌ಟಿ ಅಥವಾ ಎಂಬಿ ಇರುತ್ತದೆ. ಎಚ್‌ಟಿ ಅಂದರೆ ಮರದ ತಿರುಳಿನ ತನಕ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಟ್ಟಿದ್ದಾರೆ ಅಂತ. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಕಿದ್ದು. ಎಚ್‌ಟಿ ಇದ್ದ ಮಾತ್ರಕ್ಕೆ ಮರ ಒಣಗಿದೆ ಅಂತಲ್ಲ, ಎಷ್ಟೋ ಜನ ಹಾಗೆ ಅಂದುಕೊಳ್ಳುತ್ತಾರೆ.

ಒಂದು ಸಲ ಜರ್ಮನಿಗೆ ಹೋಗಬೇಕಿದ್ದ ಮಾಲಿಗೆ ಹಳೇ ಪ್ಯಾಲೆಟ್ ಬಂತು. 'ಸೀಲ್ ಇದೆಯಲ್ಲ ಮೇಡಮ್' ಅಂದರು ಡೀಲರ್. ಮಗುಚಿ ನೋಡಿದೆ. ಕೆಳಗೆ ಎರಡು ಹಲಗೆ ಹೊಸವು, ಹಸಿ ಮರ, ಅಂಚಿನಲ್ಲಿ ತೊಗಟೆ ಬೇರೆ. ನಿಯಮದ ಪ್ರಕಾರ ರಿಪೇರಿಗೆ ಹಾಕುವ ಮರವೂ ಉಪಚಾರ ಆದದ್ದೇ ಆಗಿರಬೇಕು, ಅದಕ್ಕೂ ಅದರದೇ ಗುರುತು ಬೇಕು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬದಲಿಸಿದ್ದರೆ ಹಳೇ ಸೀಲನ್ನು ಪೂರ್ತಿ ಅಳಿಸಿ, ಮತ್ತೆ ಉಪಚಾರ ಮಾಡಿಸಿ, ಹೊಸದಾಗಿ ಸೀಲ್ ಹಾಕಿಸಬೇಕು. ಆ ಪ್ಯಾಲೆಟ್‌ಗಳಿಗೆ ಮಾನ್ಯತೆ ಇರುವ ಕಡೆ ಮತ್ತೆ ಉಪಚಾರ ಮಾಡಿಸಿದೆವು. ಎರಡು ದಿನ ತಡವಾಯಿತು. ಕಂಟೇನರ್ ಬಂದರಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ತಪ್ಪಿತಲ್ಲ, ನನಗೆ ಅಷ್ಟೇ ಸಾಕಾಗಿತ್ತು.

ಈಗ ಲಾರಿ ಬಂದ ದಿನ ಆಪರೇಟರ್ ಅಣ್ಣ ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಾರೆ. ಒಂದೊಂದೇ ಪ್ಯಾಲೆಟ್ ಮಗುಚುತ್ತಾರೆ. ರ‍್ಯಾಕಿಗೆ ಹಸಿರು ಗೀಟು, ನೆಲಕ್ಕೆ ಹಳದಿ. ಎರಡೂ ಅಲ್ಲದ್ದು ಅದೇ ಲಾರಿಯಲ್ಲಿ ವಾಪಸ್, ಇದನ್ನು ಆರ್ಡರಿನಲ್ಲೇ ಬರೆದಿರುತ್ತೇವೆ. 200 ಪ್ಯಾಲೆಟ್ ನೋಡಲು ಅರ್ಧ ದಿನ ಬೇಕು. ಆ ಅರ್ಧ ದಿನ ಅವರಿಗೆ ಬೇರೆ ಯಾವ ಕೆಲಸವನ್ನೂ ನಾನು ಹೇಳುವುದಿಲ್ಲ.