ಬೆರಳಿನ ಕಪ್ಪು, ಮೈಯ ನೀಲಿ

ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿದ ವರ್ಷಗಳಲ್ಲಿ ನನ್ನ ಬೆರಳುಗಳು ಬೆಳ್ಳಿಯಿಂದ ಎಷ್ಟು ಸಲ ಕಪ್ಪಾದವೋ ಲೆಕ್ಕವಿಲ್ಲ. ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಕಂದು ಸೀಸೆಯಿಂದ ಬ್ಯುರೆಟ್ಟಿಗೆ ಸುರಿಯುವಾಗ ಬೆರಳಿಗೆ ಹನಿ ತಾಕಿದರೆ ಆ ಹೊತ್ತಿಗೆ ಅದು ಬರೀ ನೀರಿನಂತೆಯೇ ಇರುತ್ತದೆ. ಮರುದಿನ ಬೆಳಿಗ್ಗೆ ಕಾಫಿ ಲೋಟ ಎತ್ತಿಕೊಂಡಾಗಲೇ ಕಪ್ಪು ಕಲೆ ಕಣ್ಣಿಗೆ ಬೀಳುವುದು. ಸೋಪಿಗಾಗಲಿ ನಿಂಬೆಹಣ್ಣಿಗಾಗಲಿ ಅದು ಜಗ್ಗುವುದಿಲ್ಲ. 1962ರ ಚುನಾವಣೆಯಿಂದ ಮೈಸೂರಿನ ಬಣ್ಣದ ಕಾರ್ಖಾನೆ ತಯಾರಿಸಿಕೊಡುತ್ತಿರುವ ಮತದಾನದ ಶಾಯಿಯಲ್ಲಿ ಇರುವುದೂ ಇದೇ ಸಿಲ್ವರ್ ನೈಟ್ರೇಟ್. ಚರ್ಮದ ಮೇಲಿನ ಉಪ್ಪಿನೊಂದಿಗೆ ಸೇರಿ ಅದು ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದಾಗ ಅದರೊಳಗಿನ ಬೆಳ್ಳಿ ಅತಿ ಸಣ್ಣ ಕಣಗಳಾಗಿ ಬೇರ್ಪಟ್ಟು ಕಪ್ಪಗೆ ಕಾಣುತ್ತದೆ. ಹಳೆಯ ಫೋಟೋ ಫಿಲ್ಮಿನ ಮೇಲೆ ಚಿತ್ರ ಮೂಡುತ್ತಿದ್ದುದೂ ಬಹುಮಟ್ಟಿಗೆ ಇದೇ ಬಗೆಯಲ್ಲಿ.

ಇದೆಲ್ಲ ನೆನಪಾದದ್ದು ಕಳೆದ ತಿಂಗಳು ಅಕ್ಕ ಫೋನ್ ಮಾಡಿದಾಗ. ಅಮೆರಿಕದಲ್ಲಿರುವ ಅವಳ ಮಗ, ರೋಗನಿರೋಧಕ ಶಕ್ತಿ ಹೆಚ್ಚುತ್ತದೆಂದು ಕೊಲಾಯ್ಡಲ್ ಸಿಲ್ವರ್ ಎಂಬ ಬೆಳ್ಳಿನೀರಿನ ಸೀಸೆಯೊಂದನ್ನು ಯಾರದೋ ಕೈಯಲ್ಲಿ ಕಳುಹಿಸಿದ್ದ. “ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿದು ಬೆಳೆದವರಲ್ಲವೇನೋ ನಾವು, ಇದರಲ್ಲೇನು ತಪ್ಪು?” ಎಂದಳು. ಪ್ರಶ್ನೆ ನ್ಯಾಯವಾದದ್ದೇ.

ಒಳಲೆಯದು ಗಟ್ಟಿ ಲೋಹ. ಹಾಲಿಗೆ ಅದರಿಂದ ಕರಗಿ ಬರುವ ಬೆಳ್ಳಿ ಇಲ್ಲವೆನ್ನುವಷ್ಟು ಕಡಿಮೆ. ಬರ್ಫಿಯ ಮೇಲಿನ ಬೆಳ್ಳಿ ರೇಕೂ ಬಹುಪಾಲು ಹಾಗೆಯೇ ಹೊರಹೋಗುತ್ತದೆ. ಬೆಳ್ಳಿನೀರಿನಲ್ಲಿರುವುದಾದರೋ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತು ನೀರಿನಲ್ಲಿ ಕರಗಿರುವ ಪರಮಾಣುಗಳು, ಮತ್ತು ನ್ಯಾನೋ ಗಾತ್ರದ, ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ, ಕಣಗಳು. ಜಠರದ ಆಮ್ಲದಲ್ಲಿ ಕಣಗಳೂ ಕರಗುತ್ತವೆ, ಅಯಾನುಗಳಲ್ಲಿ ಒಂದು ಪಾಲು ರಕ್ತಕ್ಕೆ ಸೇರಿ, ಗಂಧಕವಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಮೈಯೆಲ್ಲ ಸುತ್ತಿ, ಕೊನೆಗೆ ಒಳಚರ್ಮದಲ್ಲಿ, ವಿಶೇಷವಾಗಿ ಬೆವರಿನ ಗ್ರಂಥಿಗಳ ಸುತ್ತ, ತಂಗುತ್ತದೆ. ಅಲ್ಲಿಗೆ ಬಿಸಿಲು ತಲುಪಿದಾಗ ನನ್ನ ಬೆರಳಿನ ಮೇಲೆ ನಡೆದದ್ದೇ ಚರ್ಮದೊಳಗೆ ನಡೆಯುತ್ತದೆ. ಹೀಗೆ ಒಡೆದ ಬೆಳ್ಳಿ ಮುಂದೆ ಗಂಧಕದೊಂದಿಗೆ, ಬಳಿಕ ಸೆಲೆನಿಯಮ್ಮಿನೊಂದಿಗೆ ಕೂಡಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆಂದು 2012ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಮುಖ, ಕುತ್ತಿಗೆ, ಕೈಗಳು ಬೂದಿ ಬೆರೆತ ನೀಲಿಯಾಗುತ್ತವೆ. ಬಟ್ಟೆಯ ಮರೆಯ ಭಾಗ ಅಷ್ಟಾಗಿ ಬಣ್ಣಗೆಡುವುದಿಲ್ಲ. ಇದನ್ನು ವೈದ್ಯರು ಆರ್ಜೀರಿಯಾ ಎನ್ನುತ್ತಾರೆ. ಆಮ್ಲಜನಕದ ಕೊರತೆಯಿಂದ ನೀಲಿಗಟ್ಟಿದ ಚರ್ಮವನ್ನು ಬೆರಳಿನಿಂದ ಒತ್ತಿದರೆ ಬಣ್ಣ ಕ್ಷಣಕಾಲ ಸರಿದು ಬಿಳುಚುತ್ತದೆ, ಇದು ಮಾತ್ರ ಒತ್ತಿದರೂ ಕದಲುವುದಿಲ್ಲ.

ಬೆರಳಿನ ಕಲೆ ಹೋಗುವುದು ಬೆಳ್ಳಿ ಕರಗುವುದರಿಂದಲ್ಲ, ಅದನ್ನು ಹೊತ್ತ ಹೊರಚರ್ಮವೇ ಉದುರಿಹೋಗುವುದರಿಂದ. ಒಳಚರ್ಮಕ್ಕೆ ಹಾಗೆ ಉದುರುವ ಅಭ್ಯಾಸವಿಲ್ಲ. ಆದ್ದರಿಂದ ಬೆಳ್ಳಿ ಸೇವಿಸುವುದನ್ನು ನಿಲ್ಲಿಸಿದರೂ ಬಣ್ಣ ಉಳಿಯುತ್ತದೆ, ಲೋಹವನ್ನು ಹಿಡಿದು ಹೊರತರುವ ಔಷಧಗಳು ಇದರ ಮುಂದೆ ಸೋಲುತ್ತವೆ, ಮತ್ತು ಲೇಸರ್ ಚಿಕಿತ್ಸೆಯಿಂದ ಕೆಲವರಿಗೆ ಬಣ್ಣ ತಿಳಿಯಾಗಿದ್ದರೂ ಅದು ನೋವಿನ ದಾರಿ.

ಮೊಂಟಾನಾ ರಾಜ್ಯದ ರಾಜಕಾರಣಿ ಸ್ಟ್ಯಾನ್ ಜೋನ್ಸ್ ಎಂಬಾತ, 2000ನೇ ಇಸವಿ ಕಾಲಿಟ್ಟೊಡನೆ ಕಂಪ್ಯೂಟರುಗಳೆಲ್ಲ ಕೆಟ್ಟು ಪ್ರತಿಜೈವಿಕಗಳು ಸಿಗದೇ ಹೋದಾವೆಂಬ ಭಯದಿಂದ, 1999ರಲ್ಲಿ ಮನೆಯಲ್ಲೇ ಬೆಳ್ಳಿನೀರು ತಯಾರಿಸಿ ಕುಡಿಯತೊಡಗಿದ. ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ. 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತಾಗ ಆತನ ಮುಖ ನೀಲಿಯಾಗಿತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ವೈದ್ಯರ ಚೀಟಿಯಿಲ್ಲದೆ ಮಾರುವ ಬೆಳ್ಳಿನೀರಿನ ಔಷಧಗಳನ್ನು ಸುರಕ್ಷಿತವೆಂದೂ ಪರಿಣಾಮಕಾರಿಯೆಂದೂ ಒಪ್ಪಲಾಗದೆಂದು ಘೋಷಿಸಿದ್ದು ಕೂಡ ಅದೇ 1999ರಲ್ಲಿ. ಆದರೂ ಆಹಾರಪೂರಕವೆಂಬ ಹೆಸರಿನಲ್ಲಿ ಸೀಸೆಗಳು ಇಂದಿಗೂ ಮಾರಾಟವಾಗುತ್ತಿವೆ. ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮಿನ ಉಪಯೋಗವನ್ನು ನಾನು ಅಲ್ಲಗಳೆಯುತ್ತಿಲ್ಲ. ಬೆಳ್ಳಿಗೆ ಕ್ರಿಮಿ ಕೊಲ್ಲುವ ಗುಣವಿರುವುದು ನಿಜ. ಗಾಯದ ಮೇಲೆ ಹಚ್ಚಿದ್ದು ಕೆಲಸ ಮಾಡಿತೆಂದು ಅದನ್ನೇ ದಿನಾ ಕುಡಿಯುವುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

ಅಕ್ಕ ಸೀಸೆಯ ಮುಚ್ಚಳ ತೆಗೆದಿರಲಿಲ್ಲ. ನನಗೆ ಚಿಂತೆಯಾದದ್ದು ಅವಳ ಮಗನದು. ಅವನೂ ಮೂರು ತಿಂಗಳಿಂದ ದಿನಕ್ಕೊಂದು ಚಮಚ ಕುಡಿಯುತ್ತಿದ್ದನಂತೆ. ಉಗುರಿನ ಬುಡದಲ್ಲಿರುವ ಬಿಳಿ ಅರ್ಧಚಂದ್ರ ನೀಲಿಗೆ ತಿರುಗುವುದು ಆರಂಭದ ಲಕ್ಷಣಗಳಲ್ಲಿ ಒಂದಾದ್ದರಿಂದ, ವಿಡಿಯೋ ಕರೆ ಮಾಡಿ ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿಯಲು ಹೇಳಿದೆ. “ಏನು ಮಾಮ, ಜಾತಕ ನೋಡ್ತೀರಾ?” ಎಂದು ನಗುತ್ತಲೇ ಹಿಡಿದ. ಅರ್ಧಚಂದ್ರ ಬೆಳ್ಳಗೇ ಇತ್ತು. ಇನ್ನೊಂದು ಕೈಯನ್ನೂ ತೋರಿಸೆಂದೆ.