ಹೆಸರಿಲ್ಲದ ಬಿಳಿ ಪುಡಿ

ನಮ್ಮ ರಸಾಯನಶಾಸ್ತ್ರದ ಲ್ಯಾಬ್ ಎಂದರೆ ಇವತ್ತಿಗೂ ಕಣ್ಣಮುಂದೆ ಬರುವುದು ಸಾಲ್ಟ್ ಅನಾಲಿಸಿಸ್, ಅಂದರೆ ಕೊಟ್ಟ ಲವಣ ಯಾವುದೆಂದು ಪತ್ತೆಹಚ್ಚುವ ಪರೀಕ್ಷೆ. ಕಾಗದದ ಪೊಟ್ಟಣದಲ್ಲಿ ಸ್ವಲ್ಪ ಬಿಳಿ ಪುಡಿ, ಮೇಲೆ ಬರೀ ಒಂದು ನಂಬರು. ಪತ್ತೇದಾರಿ ಕಾದಂಬರಿಯಾದರೆ ಕೊನೆಯ ಪುಟ ಮೊದಲೇ ಕದ್ದು ಓದಬಹುದು. ಇಲ್ಲಿ ಅದು ನಡೆಯದು.

ಮೊದಲ ಸುಳಿವು ಜ್ವಾಲೆಯದು. ಪ್ಲಾಟಿನಂ ತಂತಿಯನ್ನು ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಬನ್ಸನ್ ಬರ್ನರಿಗೆ ಹಿಡಿಯಬೇಕು. ಜ್ವಾಲೆಗೆ ಬಣ್ಣ ಬರುವುದು ನಿಲ್ಲುವ ತನಕ ಮತ್ತೆ ಮತ್ತೆ. ತಂತಿ ಹೀಗೆ ಶುದ್ಧವಾದ ಮೇಲೆ ತುದಿಗೆ ಪುಡಿ ಅಂಟಿಸಿ ಹಿಡಿದರೆ, ಅದರಲ್ಲಿರುವ ಲೋಹ ಯಾವುದೆಂದು ಜ್ವಾಲೆಯ ಬಣ್ಣ ಹೇಳುತ್ತದೆ. ಇಷ್ಟಕ್ಕೆ ಬೇಜಾರುಪಟ್ಟವರಿಗೆ ಎಲ್ಲ ಪುಡಿಯೂ ಸೋಡಿಯಮ್ಮೇ! ಬೆರಳಿನ ಬೆವರು ತಾಗಿದರೂ ಸಾಕು, ಜ್ವಾಲೆ ಹಳದಿ. ಆ ಹಳದಿಯಲ್ಲಿ ಪೊಟ್ಯಾಸಿಯಂನ ತಿಳಿ ನೇರಳೆ ಮುಚ್ಚಿಹೋಗುತ್ತದೆ. ಕೋಬಾಲ್ಟ್ ನೀಲಿ ಗಾಜಿನ ಮೂಲಕ ನೋಡಿದರೆ ಹಳದಿಯನ್ನು ಗಾಜು ಹೀರಿಕೊಂಡು ನೇರಳೆ ಕಾಣಿಸುತ್ತದೆ. ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಸ್ಟ್ರಾನ್ಷಿಯಂ ಕಡುಗೆಂಪು, ಬೇರಿಯಂ ತಿಳಿ ಹಸಿರು. ಜ್ವಾಲೆಯ ಬೆಳಕನ್ನೇ ಪಟ್ಟಕದಲ್ಲಿ ಹಾಯಿಸಿ ಬನ್ಸನ್ ಮತ್ತು ಕಿರ್ಕಾಫ್ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಕಂಡುಹಿಡಿದರು.

ಪುಡಿಯಲ್ಲಿ ನೈಟ್ರೇಟ್ ಇದೆಯೇ ಎಂದು ತಿಳಿಸುವ ಕಂದು ಉಂಗುರದ ಪರೀಕ್ಷೆಯೇ ಎಲ್ಲಕ್ಕಿಂತ ಚೆಂದ, ಎಲ್ಲಕ್ಕಿಂತ ಹೆಚ್ಚು ಕೆಡುವುದೂ ಅದೇ. ಲವಣದ ದ್ರಾವಣ 2 ಮಿ.ಲೀ., ಆಗತಾನೇ ಮಾಡಿದ ಫೆರಸ್ ಸಲ್ಫೇಟ್ (ಕಬ್ಬಿಣದ ಒಂದು ಲವಣ) ದ್ರಾವಣವೂ ಅಷ್ಟೇ. ಪ್ರನಾಳವನ್ನು ಓರೆಯಾಗಿ ಹಿಡಿದು, ಗಾಜಿನ ಗೋಡೆಗುಂಟ ಪ್ರಬಲ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಇಳಿಸಬೇಕು. ನೀರಿಗಿಂತ ಸುಮಾರು 1.8 ಪಟ್ಟು ಭಾರವಾದ ಆಮ್ಲ ತಳ ಸೇರುತ್ತದೆ. ಎರಡೂ ಪದರ ಕೂಡುವಲ್ಲಿ ಉಂಗುರ ಮೂಡುತ್ತದೆ. ನೈಟ್ರೇಟಿನಿಂದ ಹುಟ್ಟಿದ ನೈಟ್ರಿಕ್ ಆಕ್ಸೈಡ್, ಫೆರಸ್ ಅಯಾನಿಗೆ ಅಂಟಿಕೊಂಡಾಗ ಬರುವ ಬಣ್ಣ ಅದು. ಕುತೂಹಲಕ್ಕೆ ಅಲುಗಾಡಿಸಿದಿರೋ, ಆಮ್ಲ ಬೆರೆತು ಬಿಸಿಯೇರಿ ಉಂಗುರ ಮಾಯ. ನಿನ್ನೆಯ ಫೆರಸ್ ಸಲ್ಫೇಟ್ ಬಳಸಿದರೂ ಕೈಕೊಡಬಹುದು: ಗಾಳಿ ತಾಗಿ ಅದರ ಕಬ್ಬಿಣ ಉತ್ಕರ್ಷಣಗೊಂಡು ಫೆರಿಕ್ ರೂಪಕ್ಕೆ ತಿರುಗುತ್ತಾ, ದ್ರಾವಣ ಹಳದಿಗೆ ತಿರುಗಿರುತ್ತದೆ. ಬ್ರೋಮೈಡ್, ಅಯೋಡೈಡ್ ಇದ್ದರಂತೂ ಆಮ್ಲದೊಂದಿಗೆ ಬ್ರೋಮಿನ್, ಅಯೋಡಿನ್ ಬಿಡುಗಡೆಯಾಗಿ ಅವೇ ಕಂದು ಬಣ್ಣ ತೋರಿಸಿ ದಾರಿ ತಪ್ಪಿಸುತ್ತವೆ.

ಅಮೋನಿಯಂ ಸುಲಭ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಬಿಸಿಮಾಡಿದರೆ ಮೂಗೇ ಹೇಳುತ್ತದೆ. ಆದರೆ ಪ್ರನಾಳಕ್ಕೆ ಮೂಗಿಡಬೇಡಿ, ಕೈಯಿಂದ ಆವಿಯನ್ನು ಬೀಸಿಕೊಳ್ಳಿ.

ಈಗ ಲ್ಯಾಬಿಗೆ ಕಾಲಿಡುವ ಪುಟ್ಟ ಪತ್ತೇದಾರರೇ, ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಮೇಷ್ಟ್ರು ಇಲ್ಲದೆ ಆಮ್ಲದ ಬಾಟಲಿ ಮುಟ್ಟಬೇಡಿ. ಪುಡಿಯನ್ನೆಲ್ಲ ಒಂದೇ ಸಲ ಕರಗಿಸಿಬಿಡಬೇಡಿ. ಅರ್ಧ ಪೊಟ್ಟಣ ಉಳಿಸಿಕೊಳ್ಳಿ, ಉಂಗುರ ಮೊದಲ ಸಲಕ್ಕೆ ಬರುವುದು ಅಪರೂಪ.